ಭಾವೀ ವಕೀಲರು

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ, ವಿಶೇಷವಾಗಿ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ, ವಕೀಲರು ಮತ್ತು ಕಕ್ಷಿದಾರರು ಎಂಬ ಎರಡು ವರ್ಗಗಳ ನಡುವೆ ಮೂರನೆಯದೊಂದು ವರ್ಗವು ಬಹುಕಾಲದಿಂದ ನೆಲೆಸಿದ್ದು, ಅದಕ್ಕೆ ಯಾವ ಶಾಸನದಲ್ಲಿಯೂ ಹೆಸರಿಲ್ಲವಾದ್ದರಿಂದ ಇಲ್ಲಿ ಅವರನ್ನು 'ಭಾವೀ ವಕೀಲರು' ಎಂದು ಕರೆಯಲಾಗಿದೆ. ಇವರು ಕಾನೂನು ಕಾಲೇಜಿಗೆ ಸೇರಿದವರಲ್ಲ, ಸೇರುವುದಿಲ್ಲವೆಂದು ತೀರ್ಮಾನಿಸಿದವರೂ ಅಲ್ಲ. ಸೇರುವ ವಿಚಾರದಲ್ಲಿರುವವರು, ಮತ್ತು ಆ ವಿಚಾರದಲ್ಲಿಯೇ ಆಯುಷ್ಯದ ಬಹುಭಾಗವನ್ನು ಮರ್ಯಾದೆಯಿಂದ ಕಳೆದವರು. ಹೊಟ್ಟೆಪಾಡಿಗೆ ಇವರು ಅಡಿಕೆ ತೋಟದ ಯಜಮಾನರೋ, ಸಹಕಾರಿ ಸಂಘದ ಕಾರ್ಯದರ್ಶಿಯೋ, ನಿವೃತ್ತ ಮಾಸ್ತರರೋ ಆಗಿರಬಹುದಾದರೂ ಅಂಗಿಯ ಜೇಬಿನಲ್ಲಿ ಯಾರದಾದರೊಂದು ಪಹಣಿ ಮಡಚಿಕೊಂಡು ಕುಳಿತಿರುತ್ತದೆ. ಪಹಣಿಯೆಂದರೆ ಜಮೀನಿನ ಸರ್ವೆ ನಂಬರು, ಕ್ಷೇತ್ರ, ಹಕ್ಕುದಾರ, ಬೆಳೆ ಇತ್ಯಾದಿಗಳನ್ನು ತೋರಿಸುವ ಕಂದಾಯ ದಾಖಲೆ. ಸಾಮಾನ್ಯರು ಅದರ ಒಂಬತ್ತನೆಯ ಕಾಲಂನಲ್ಲಿ ತಮ್ಮ ಹೆಸರು ಇದೆಯೇ ಎಂದು ನೋಡಿ ಸಮಾಧಾನಪಟ್ಟರೆ, ಭಾವೀ ವಕೀಲರು ಇತರ ಹಕ್ಕು ಮತ್ತು ಋಣಗಳನ್ನು ನಮೂದಿಸುವ ಹನ್ನೊಂದನೆಯ ಕಾಲಂನತ್ತ ದೃಷ್ಟಿಯಿಟ್ಟು, 'ಹ್ಞೂಂ' ಎಂಬ ಒಂದೇ ಉದ್ಗಾರದಿಂದ ಕಾಗದ ತಂದವನ ರಾತ್ರಿಯ ನಿದ್ದೆಯನ್ನು ಕೆಡಿಸಬಲ್ಲರು.

ಈ ಪ್ರವೃತ್ತಿ ಬಾಲ್ಯದಲ್ಲಿಯೇ ಅಂಕುರಿಸುತ್ತದೆ. ಹಿರಿಯರಿಗೆ ಎದುರುತ್ತರ ಕೊಟ್ಟ ಹುಡುಗನನ್ನು ಬೇರೆ ಸೀಮೆಯಲ್ಲಿ ಗದರಿಸುತ್ತಾರಾದರೆ, ಇಲ್ಲಿ ಅಜ್ಜಂದಿರು ಬಾಯಲ್ಲಿದ್ದ ಕವಳವನ್ನು ಅತ್ತಿತ್ತ ಸರಿಸಿ, 'ಈ ಮಾಣಿ ವಕೀಲನೇ ಆಗೂದು' ಎಂದು ಭವಿಷ್ಯ ನುಡಿಯುತ್ತಾರೆ. ಇದಕ್ಕೆ ತಾಳಮದ್ದಳೆಯ ಪ್ರಭಾವವೂ ಕಾರಣವೆನ್ನಬೇಕು. ವೇಷ, ಕುಣಿತಗಳಿಲ್ಲದೆ, ಭಾಗವತರ ಪದ್ಯಗಳ ನಡುವೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಮಾತಿನ ಮೂಲಕ ನಡೆಸುವ ಯಕ್ಷಗಾನಕ್ಕೆ ತಾಳಮದ್ದಳೆಯೆಂದು ಹೆಸರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ತಾಲೂಕಿನಲ್ಲಿ ಇದನ್ನು ಕೇಳದೆ ಬೆಳೆದವರು ವಿರಳ. 'ವಾಲಿವಧೆ' ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿಯು ತನಗೂ ರಾಮನಿಗೂ ಯಾವ ವ್ಯಾಜ್ಯವಿತ್ತು, ಮರೆಯಲ್ಲಿ ನಿಂತು ಹೊಡೆಯುವುದು ಯಾವ ಧರ್ಮ, ಕಿಷ್ಕಿಂಧೆಯ ಮೇಲೆ ಅಯೋಧ್ಯೆಗೆ ಅಧಿಕಾರ ಎಲ್ಲಿಂದ ಬಂತು ಎಂದು ಎತ್ತುವ ಪ್ರಶ್ನೆಗಳೆಲ್ಲ, ನ್ಯಾಯಾಲಯಗಳಲ್ಲಿ ಅಧಿಕಾರವ್ಯಾಪ್ತಿಯ ತಕರಾರೆಂದು ಕರೆಯುವ ವರ್ಗಕ್ಕೇ ಸೇರುತ್ತವೆ. ಪ್ರಾಣ ಹೋಗುತ್ತಿರುವ ಕಕ್ಷಿದಾರನು ಒಂದೂವರೆ ತಾಸು ತನ್ನ ವಾದವನ್ನು ತಾನೇ ಮಂಡಿಸುವ ಸೌಲಭ್ಯವು ದೇಶದ ಬೇರೆ ಯಾವ ಪೀಠದಲ್ಲಿಯೂ ಇರಲಾರದು. ಅಲ್ಲಿ ಕೋರ್ಟ್ ಫೀ ಇಲ್ಲ, ವಿಚಾರಣೆಯನ್ನು ಮುಂದಿನ ತಾರೀಖಿಗೆ ಹಾಕುವ ಮುದ್ದತು ಇಲ್ಲ, ಸೋತವರೂ ಗೆದ್ದವರೂ ಒಂದೇ ಪಾತ್ರೆಯ ಚಾ ಕುಡಿದು ಮನೆಗೆ ಹೋಗುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಇಂಥ ನ್ಯಾಯಾಂಗವನ್ನು ಕಂಡವರಿಗೆ ಸಿವಿಲ್ ಕೋರ್ಟು ಮುಂದೆ ಸ್ವಲ್ಪ ಸಪ್ಪೆಯೆನಿಸುವುದು ಸಹಜ.

ಆದರೆ ಈ ವರ್ಗದ ನಿಜವಾದ ಪ್ರತಿಷ್ಠೆಯು ಯಕ್ಷಗಾನದಿಂದಲ್ಲ, ಭೂಸುಧಾರಣೆಯಿಂದ ಬಂದದ್ದು. ಕರ್ನಾಟಕ ಭೂಸುಧಾರಣಾ ಕಾಯಿದೆ 1961ರದಾದರೂ ಅದಕ್ಕೆ ಹಲ್ಲು ಬಂದದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ. ಗೇಣಿಗೆ ಸಾಗುವಳಿ ಮಾಡುತ್ತಿದ್ದವರು ಏಳನೇ ನಂಬರ್ ಫಾರ್ಮನ್ನು ತುಂಬಿ, ತಾಲೂಕಿಗೊಂದರಂತೆ ಏರ್ಪಟ್ಟ ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಹಕ್ಕನ್ನು ಸಾಧಿಸಬೇಕಾಗಿತ್ತು. ಗೇಣಿದಾರರೇ ತುಂಬಿದ್ದ ಈ ಜಿಲ್ಲೆಯಲ್ಲಿ ಅದು ಮನೆಮನೆಯ ಮಾತಾಯಿತು. ಆ ಕಾಯಿದೆಯ 48ನೆಯ ಕಲಮಿನ 8ನೆಯ ಉಪಕಲಮು ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದೆಂದು ವಿಧಿಸಿದ್ದು ಇಲ್ಲಿ ಗಮನಾರ್ಹ. ದುಡ್ಡಿದ್ದ ಒಡೆಯನು ದೊಡ್ಡ ವಕೀಲನನ್ನು ತಂದು ಬಡ ಗೇಣಿದಾರನ ಬಾಯಿ ಮುಚ್ಚಿಸಬಾರದೆಂಬ ಸದುದ್ದೇಶದಿಂದ ಹುಟ್ಟಿದ ಈ ನಿಷೇಧವು, ಓದಬಲ್ಲ, ಬರೆಯಬಲ್ಲ, ಅಧಿಕಾರಿಗಳೆದುರು ತೊಡೆ ನಡುಗದೆ ನಿಲ್ಲಬಲ್ಲ, ಆದರೆ ವಕೀಲನಲ್ಲದ ವ್ಯಕ್ತಿಗೆ ಇದ್ದಕ್ಕಿದ್ದಂತೆ ಬೇಡಿಕೆಯನ್ನು ಸೃಷ್ಟಿಸಿತು. ಕಾನೂನು ಓದದಿರುವುದೇ ಅರ್ಹತೆಯಾದ ಇಂಥ ಸುವರ್ಣಯುಗ ಜಗತ್ತಿನ ನ್ಯಾಯಾಂಗಗಳ ಇತಿಹಾಸದಲ್ಲಿ ಹೆಚ್ಚು ಸಲ ಬಂದಿರಲಿಕ್ಕಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಆ ಉಪಕಲಮು ವಕೀಲರ ಕಾಯಿದೆಗೆ ವಿರುದ್ಧವಾದುದೆಂದು ತಳ್ಳಿಹಾಕಿದಾಗ, ವಕೀಲರ ಸಂಘಗಳಲ್ಲಿ ಹರ್ಷ ವ್ಯಕ್ತವಾಗಿರಬಹುದು. ಚಾದಂಗಡಿಗಳ ಬೆಂಚುಗಳಲ್ಲಿ ಆ ತೀರ್ಪಿನ ಬಗೆಗೆ ಇಂದಿಗೂ ಒಳ್ಳೆಯ ಅಭಿಪ್ರಾಯವಿಲ್ಲ.

ಹೀಗೆ ಅನುಭವ ಕೂಡಿದ ಮೇಲೆ ಪದವಿಯೊಂದನ್ನೇಕೆ ಪಡೆಯಬಾರದೆಂಬ ಪ್ರಶ್ನೆ ಹುಟ್ಟುತ್ತದೆ. ಭಾವೀ ವಕೀಲರು ಇದಕ್ಕೆ ಉತ್ತರ ಕೊಡುವ ಮೊದಲು ಸರ್ ನಾರಾಯಣ ಗಣೇಶ ಚಂದಾವರಕರರನ್ನು ಸ್ಮರಿಸುತ್ತಾರೆ. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮರುವರ್ಷವೇ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಆ ಮಹನೀಯರನ್ನು ಇವರು ಪಕ್ಕದ ಕೇರಿಯ ದಾಯಾದಿಯಂತೆ ಉಲ್ಲೇಖಿಸುತ್ತಾರೆ. 1862ರಿಂದ 1956ರ ವರೆಗೆ ಜಿಲ್ಲೆಯು ಮುಂಬಯಿ ಆಡಳಿತದಲ್ಲಿದ್ದಾಗ ಕಾನೂನಿನ ಹಾದಿ ಅತ್ತ ಕಡೆಗಿತ್ತು. ಈಗ ಶಿರಸಿಯಲ್ಲಿ ಕಾಲೇಜಿದೆ, ಉಡುಪಿಯಲ್ಲಿ 1957ರಷ್ಟು ಹಿಂದೆಯೇ ಸ್ಥಾಪಿತವಾದ ವೈಕುಂಠ ಬಾಳಿಗಾ ಕಾಲೇಜಿದೆ. ಶಿರಸಿಗೆ ಹೋಗಲು ಘಟ್ಟ ಹತ್ತಬೇಕು, ತಲೆ ತಿರುಗುತ್ತದೆ. ಉಡುಪಿ ದೂರವಾಯಿತು, ತೋಟಕ್ಕೆ ಔಷಧಿ ಹೊಡೆಸುವವರಿಲ್ಲ. ಪದವಿಯ ನಂತರ ಮೂರು ವರ್ಷ, ಪಿಯುಸಿಯ ನಂತರವಾದರೆ ಐದು ವರ್ಷದ ವ್ಯಾಸಂಗ, ಅದರ ಮೇಲೆ ವಕೀಲರಾಗಿ ನೋಂದಣಿಗೊಂಡದ್ದಕ್ಕೆ ಪ್ರಮಾಣವಾದ ಸನ್ನದು, ಅದರ ಮೇಲೆ ಅಖಿಲ ಭಾರತ ವಕೀಲ ಪರೀಕ್ಷೆ: ಇಷ್ಟನ್ನು ಅವರು ಬೆರಳು ಮಡಚಿ ಎಣಿಸುವ ಹೊತ್ತಿಗೆ ಕೇಳಿದವನಿಗೇ ಆಯಾಸವಾಗಿರುತ್ತದೆ.

ವಯಸ್ಸಿನ ನೆಪವು ಇವುಗಳಿಗಿಂತ ಗಟ್ಟಿಯಾದುದಾಗಿತ್ತು. ನಲವತ್ತೈದು ದಾಟಿದವರಿಗೆ ಸನ್ನದು ಕೊಡಕೂಡದೆಂಬ ಭಾರತೀಯ ವಕೀಲರ ಪರಿಷತ್ತಿನ ನಿಯಮವೊಂದು ಇದ್ದಾಗ, ಆ ವಯಸ್ಸನ್ನು ಸಮೀಪಿಸಿದವರೆಲ್ಲ ನಿಟ್ಟುಸಿರಿಟ್ಟು ತಮ್ಮ ತ್ಯಾಗವನ್ನು ಘೋಷಿಸಲು ಸಿದ್ಧರಾಗಿದ್ದರು. 1995ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ರದ್ದುಮಾಡಿ ಅವರನ್ನು ಪೇಚಿಗೆ ಸಿಲುಕಿಸಿತು. 2008ರ ಕಾನೂನು ಶಿಕ್ಷಣ ನಿಯಮಗಳು ಕಾಲೇಜಿಗೆ ಸೇರುವುದಕ್ಕೇ ವಯೋಮಿತಿಯನ್ನು ಹಾಕಿದಾಗ ಮತ್ತೆ ಉಸಿರು ಬಂತು; 2017ರಲ್ಲಿ ಅದಕ್ಕೂ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಿತ್ತು. ಮನುಷ್ಯನೊಬ್ಬ ಲಾ ಮಾಡದೆ ಉಳಿಯುವ ಸ್ವಾತಂತ್ರ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಷ್ಟು ಸಲ ಕೈಹಾಕಬಾರದಿತ್ತೆಂಬುದು ಇವರ ಖಚಿತ ನಿಲುವು.

ನಿಜವಾದ ಕಾರಣ ಬೇರೆಯಿದೆ, ಅದನ್ನು ಅವರು ಚೆನ್ನಾಗಿ ಬಲ್ಲರು. ಹೊಸದಾಗಿ ಸನ್ನದು ಪಡೆದವನು ಹಿರಿಯ ವಕೀಲರ ಕೈಕೆಳಗೆ ವರ್ಷಗಟ್ಟಲೆ ಫೈಲು ಹೊತ್ತು, 'ನಮ್ಮ ಸೀನಿಯರ್ ಧಾರವಾಡಕ್ಕೆ ಹೋಗಿದ್ದಾರೆ, ಒಂದು ತಾರೀಖು ಕೊಡಬೇಕು' ಎಂದು ಕೇಳುವುದನ್ನೇ ವೃತ್ತಿಯ ಮೊದಲ ಮೆಟ್ಟಿಲಾಗಿ ಹತ್ತುತ್ತಾನೆ. ಕೈಗೆ ಸಿಗುವುದು ಬಸ್ಸಿನ ಖರ್ಚಿಗೆ ಸಾಕಾದರೆ ಪುಣ್ಯ. ಅವನು ಬೇರೆ ಪೂರ್ಣಕಾಲಿಕ ಸಂಬಳದ ನೌಕರಿ ಹಿಡಿಯುವಂತಿಲ್ಲ, ತನ್ನ ಬಗೆಗೆ ಜಾಹೀರಾತು ಕೊಡುವಂತಿಲ್ಲ, ಮನೆಯ ಮುಂದಿನ ಫಲಕವೂ ಮಿತಿಮೀರಿ ದೊಡ್ಡದಿರುವಂತಿಲ್ಲ. ಭಾವೀ ವಕೀಲರಿಗಾದರೋ ಇವಾವ ನಿರ್ಬಂಧವೂ ಇಲ್ಲ. ಉಪನಯನದ ಊಟದ ಪಂಕ್ತಿಯಲ್ಲಿ ಪಾಯಸ ಬರುವುದರೊಳಗೆ ಅವರು ಎರಡು ಗಡಿ ತಕರಾರು, ಒಂದು ಮೃತ್ಯುಪತ್ರವನ್ನು ಇತ್ಯರ್ಥ ಮಾಡಬಲ್ಲರು. ಸನ್ನದಿಲ್ಲದೆ ನ್ಯಾಯಾಲಯದಲ್ಲಿ ವಕಾಲತ್ತು ನಡೆಸಿದವರಿಗೆ ವಕೀಲರ ಕಾಯಿದೆಯ 45ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸವಿರುವುದನ್ನು ಇವರು ಬಾಯಿಪಾಠ ಮಾಡಿಕೊಂಡಿರುವುದರಿಂದ, ಕೋರ್ಟಿನ ಕಂಪೌಂಡಿನ ಗೇಟಿನಲ್ಲಿ ಇವರ ಪಾಂಡಿತ್ಯವು ಶಿಸ್ತಿನಿಂದ ನಿಲ್ಲುತ್ತದೆ. ಅಲ್ಲಿಂದ ಒಳಗೆ ಇವರು ಕಕ್ಷಿದಾರನ ಛತ್ರಿ ಹಿಡಿದುಕೊಂಡ ಬಂಧು ಮಾತ್ರ.

ಪ್ರಾದೇಶಿಕ ಭೇದಗಳನ್ನೂ ಹೇಳಬೇಕು. ಕುಮಟೆಯವರ ವಿಶೇಷ ಪರಿಣತಿಯು ಗಜನಿಯಲ್ಲಿದೆ. ಗಜನಿಯೆಂದರೆ ಅಘನಾಶಿನಿಯ ಅಳಿವೆಯ ಬದಿಯ ಉಪ್ಪುನೀರಿನ ತಗ್ಗು ಗದ್ದೆ. ಅಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತವೂ ಉಳಿದ ಕಾಲದಲ್ಲಿ ಮೀನು, ಸಿಗಡಿಯೂ ಬೆಳೆಯುವುದರಿಂದ, ಗಡಿಯು ನೀರಿನಡಿಯಲ್ಲಿರುವಾಗ ಸಿಗಡಿಯು ಯಾರ ಪಹಣಿಗೆ ಸೇರಿದ್ದೆಂಬ ಪ್ರಶ್ನೆ ಅವರನ್ನು ಎಂದೂ ಖಾಲಿ ಕೂರಿಸಿಲ್ಲ. ಭಟ್ಕಳದವರು ಮುಖತ್ಯಾರ ಪತ್ರದ, ಎಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ದಸ್ತಾವೇಜಿನ ತಜ್ಞರು. ಮನೆಯ ಯಜಮಾನ ದುಬೈಯಲ್ಲಿ, ಆಸ್ತಿ ಭಟ್ಕಳದಲ್ಲಿ, ಖರೀದಿದಾರ ಮಂಗಳೂರಿನಲ್ಲಿ ಇರುವಂಥ ಊರಿನಲ್ಲಿ, ಹೊರದೇಶದಿಂದ ಬಂದ ಪತ್ರಕ್ಕೆ ಇಲ್ಲಿ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕೆಂದು ನೆನಪಿಸುವವನಿಗೆ ಶಂಸುದ್ದೀನ್ ಸರ್ಕಲ್ಲಿನ ಯಾವ ಹೊಟೇಲಿನಲ್ಲಾದರೂ ಚಾ ಪುಕ್ಕಟೆ. ಹೊನ್ನಾವರದವರು ಮೇಲ್ಮನವಿಯ ಶಾಖೆಯವರು. ಹೈಕೋರ್ಟಿನ ಸಂಚಾರಿ ಪೀಠವು 2008ರಲ್ಲಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆದಮೇಲೆ, ಕಕ್ಷಿದಾರರ ಖರ್ಚಿನಲ್ಲಿ ಜೊತೆಗೆ ಹೋಗಿ, ಮಧ್ಯಾಹ್ನ ರೊಟ್ಟಿ ಊಟ ಮಾಡಿ, ಸಂಜೆ ಪೇಢೆಯ ಪೊಟ್ಟಣದೊಂದಿಗೆ ಮರಳುವ ಇವರ ಸಂಪ್ರದಾಯಕ್ಕೆ ಭದ್ರವಾದ ನೆಲೆ ದೊರೆಯಿತು.

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ್ದು ಈ ವರ್ಗದ ಮೇಲೆರಗಿದ ದೊಡ್ಡ ಆಘಾತ. ವಂಚನೆಯ 420 ಈಗ 318ರೊಳಗೆ ಸೇರಿದೆ, ಕೊಲೆಯ 302 ಈಗ 103. ಸನ್ನದಿದ್ದ ವಕೀಲರು ಹೊಸ ಪುಸ್ತಕ ಕೊಂಡು ಸುಮ್ಮನಾದರು. ನಲವತ್ತು ವರ್ಷ ಅಂಕಿಗಳ ಮೇಲೆಯೇ ಬದುಕಿದ ಭಾವೀ ವಕೀಲರು ಮಾತ್ರ, ಬೇಲಿ ಹಾರಿ ಬಂದ ನೆರೆಯವನನ್ನು ಯಾವ ನಂಬರಿನಿಂದ ಹೆದರಿಸುವುದೆಂದು ತಿಳಿಯದೆ ಕೆಲಕಾಲ ಮೌನಕ್ಕೆ ಸರಿದರು. 318 ಎಂದು ಬೈದರೆ ಬೈಸಿಕೊಂಡವನಿಗೆ ಅರ್ಥವಾಗುವುದಿಲ್ಲವಲ್ಲ.

ಇಷ್ಟೆಲ್ಲ ಹೇಳಿದರೂ ಇವರನ್ನು ನಿರುಪಯೋಗಿಗಳೆನ್ನುವುದು ಅನ್ಯಾಯವಾದೀತು. ಕೋರ್ಟಿನ ಸಮನ್ಸು ಮನೆಗೆ ಬಂದ ದಿನ ಬಡವನಿಗೆ ಬೇಕಾದದ್ದು ವಾದ ಮಾಡುವವರಲ್ಲ, ಆ ಕಾಗದವನ್ನು ಓದಿ ಇದು ಜೈಲಿನದಲ್ಲವೆಂದು ಹೇಳುವವರು; ಆ ಕೆಲಸವನ್ನು ಇವರು ರಾತ್ರಿ ಹತ್ತಕ್ಕೂ ದುಡ್ಡಿಲ್ಲದೆ ಮಾಡಿದ್ದಾರೆ. ಅತಿಕ್ರಮಣದಾರರೆನಿಸಿಕೊಂಡ ಎಷ್ಟೋ ಮಂದಿಯ ಅರಣ್ಯ ಹಕ್ಕಿನ ಅರ್ಜಿಗಳು ಇವರ ಕೈಬರಹದಲ್ಲಿಯೇ ಇವೆ.

ಕೋರ್ಟಿನ ಗೇಟನ್ನು ಬಿಟ್ಟರೆ ಇವರ ವಿದ್ವತ್ತು ನಿಲ್ಲುವ ಸ್ಥಳ ಇನ್ನೊಂದೇ. ಹಿಂದೂ ಉತ್ತರಾಧಿಕಾರ ಕಾಯಿದೆಯ 6ನೆಯ ಕಲಮು 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಮಗಳನ್ನು ಹುಟ್ಟಿನಿಂದಲೇ ಮಗನಂತೆ ಸಮಪಾಲುದಾರಳನ್ನಾಗಿ ಮಾಡಿದೆ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕಿಗೆ ಬಾಧೆಯಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ನೆರೆಮನೆಯ ತೋಟದ ಮಟ್ಟಿಗೆ ಇದನ್ನು ಉಪಕಲಮು ಸಹಿತ ವಿವರಿಸಬಲ್ಲ ಭಾವೀ ವಕೀಲರ ಕಪಾಟಿನಲ್ಲಿ, ಸ್ವಂತ ತಂಗಿಯ ಸಹಿಗಾಗಿ ಕಾದಿರುವ ಹಕ್ಕು ಬಿಡುಗಡೆ ಪತ್ರದ ಕರಡೊಂದು ಹಲವು ವರ್ಷಗಳಿಂದ ಇರುತ್ತದೆ. ಚೌತಿಗೆ ತವರಿಗೆ ಬಂದ ತಂಗಿಯು ಪಂಚಕಜ್ಜಾಯ ತಿನ್ನುತ್ತ, 'ಅಣ್ಣಾ, ಈ ಆರನೇ ಕಲಮು ಅಂದರೆ ಎಂತದು?' ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತಾರೆ. ವಿಷಯ ಬಹಳ ಸೂಕ್ಷ್ಮವಾದುದೆಂದೂ, ಅರೆಬರೆ ತಿಳಿದವರ ಮಾತು ಕೇಳಿ ಯಾರೂ ಕೆಡಬಾರದೆಂದೂ, ಇಂಥದಕ್ಕೆಲ್ಲ ಸರಿಯಾಗಿ ಓದಿದ ವಕೀಲರನ್ನೇ ಕಾಣಬೇಕೆಂದೂ ಜೀವಮಾನದಲ್ಲಿ ಮೊದಲ ಬಾರಿಗೆ ಸಲಹೆ ಕೊಡುತ್ತಾರೆ. ಅವಳು ಬರುವಾಗ ಕುಮಟೆಯಲ್ಲಿ ಬಸ್ಸಿಳಿದು, ವಕೀಲರ ಆಫೀಸಿನಲ್ಲಿ ವಕಾಲತ್ತಿಗೆ ಸಹಿ ಹಾಕಿಯೇ ಬಂದಿರುತ್ತಾಳೆ.