ರಾಜ್ಯದ ಸಕಲ ಸೆಕೆಂಡ್‌ಹ್ಯಾಂಡ್ ಕಾರುಗಳ ಒಡತಿ ಡಾಕ್ಟರಮ್ಮನವರಿಗೆ

ಮಾನ್ಯ ಡಾಕ್ಟರಮ್ಮನವರೇ,

ಉಭಯ ಕುಶಲೋಪರಿ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೇನೆ. ಸೊಂಟ ಹಿಡಿದುಕೊಂಡಿದೆ. ಮನೆಯಾಕೆ ಮಾತು ಬಿಟ್ಟಿದ್ದಾಳೆ. ಅದಕ್ಕೆ ಕಾರಣ ಬೇರೆ, ಮುಂದೆ ಹೇಳುತ್ತೇನೆ.

ನಿಮ್ಮ ಹೆಸರು ಗೊತ್ತಿಲ್ಲ, ಆಸ್ಪತ್ರೆ ಎಲ್ಲಿ ಅಂತಲೂ ಗೊತ್ತಿಲ್ಲ. ಆದರೆ ಮೂರು ತಿಂಗಳಿಂದ ನಾನು ನೋಡುತ್ತಿರುವುದೆಲ್ಲ ನಿಮ್ಮ ಕಾರುಗಳನ್ನೇ. ಅರಸೀಕೆರೆ ರಸ್ತೆಯಲ್ಲಿ ನೋಡಿದ ಕೆಂಪು ಕಾರು ನಿಮ್ಮದು. ತುಮಕೂರಿನ ನೀಲಿ ಕಾರು ನಿಮ್ಮದು. ಮೈಸೂರಿನಲ್ಲಿ ಡಿಕ್ಕಿ ತೆಗೆದರೆ ಕೋಳಿ ಪುಕ್ಕ ಹಾರಿ ಬಂತಲ್ಲ, ಅದೂ ನಿಮ್ಮದೇ ಅಂತೆ. ಎಲ್ಲ ಕಡೆಯೂ ಒಂದೇ ಮಂತ್ರ: "ಲೇಡಿ ಡಾಕ್ಟರ್ ಓಡ್ಸಿದ್ದು ಸಾರ್. ಸಿಂಗಲ್ ಓನರ್. ಮನೆ ಬಿಟ್ರೆ ಕ್ಲಿನಿಕ್, ಕ್ಲಿನಿಕ್ ಬಿಟ್ರೆ ಮನೆ. ಭಾನುವಾರ ಒಂದು ದೇವಸ್ಥಾನ." ಅಮ್ಮಾ, ಇಷ್ಟು ಕಾರು ಓಡಿಸುತ್ತಾ ನೀವು ರೋಗಿಗಳನ್ನು ನೋಡುವುದು ಯಾವಾಗ?

ನಿನ್ನೆಯದು ಬೆಳ್ಳಿ ಬಣ್ಣದ್ದು, 2018ರ ಮಾಡೆಲ್, ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಒಂದು ಶೆಡ್ಡಿನಲ್ಲಿ. "ಹನ್ನೊಂದಕ್ಕೆ ಬನ್ನಿ ಸಾರ್, ಗಾಡಿ ರೆಡಿ" ಅಂದರು. ನಮ್ಮ ಬೀದಿಯ ಗ್ಯಾರೇಜ್ ಮೇಸ್ತ್ರಿಯನ್ನು ಒಂದು ದಿನದ ಕೂಲಿ 1,500 ರೂಪಾಯಿ, ಬಸ್ ಚಾರ್ಜು, ಊಟ ಎಂದು ಒಪ್ಪಿಸಿ ಬೆಳಗ್ಗೆ ಐದೂವರೆ ಬಸ್ಸು ಹತ್ತಿದ್ದಾಯಿತು. ಗೊರಗುಂಟೆಪಾಳ್ಯದಲ್ಲಿ ಇಳಿದು, ಆಟೋದವನ ಹತ್ತಿರ ಜಗಳವಾಡಿ, ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಶೆಡ್ಡಿನ ಮುಂದೆ ನಿಂತೆವು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಬೆಲ್ಲಿಗೆ ಸರಿಯಾಗಿ ಪಾಠ ಮಾಡಿದವನು ನಾನು.

"ಗಾಡಿ ವಾಟರ್ ವಾಷ್‌ಗೆ ಹೋಗಿದೆ ಸಾರ್. ಹತ್ತೇ ನಿಮಿಷ."

ಆ ಹತ್ತು ನಿಮಿಷ ಮುಗಿದದ್ದು ಮಧ್ಯಾಹ್ನ ಎರಡೂವರೆಗೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹುಡುಗನೊಬ್ಬ ಸವೆದ ಟೈರುಗಳಿಗೆ ಕಪ್ಪು ಪಾಲಿಶ್ ಹಚ್ಚುವುದನ್ನು ನೋಡಿದೆ. ಎದೆಹಾಲು ಕುಡಿದ ಮಗುವಿನಂತೆ ಹೊಳೆಯುತ್ತಿದ್ದವು. ಕೊನೆಗೆ ನಿಮ್ಮ ಕಾರು ಬಂತು. ಹಣೆಗೆ ಕುಂಕುಮ, ಮುಂದೆ ನಿಂಬೆಹಣ್ಣು. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದರು. "ಕಾಯ್ದುಹೋಗಿದೆ ಸ್ವಾಮಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ್ರಲ್ವಾ ಅದ್ರ ಕೆಮ್ಮು ಗೊತ್ತಾಗೋದು?" ರೋಗಿಗೆ ಮೊದಲೇ ಸಿರಪ್ ಕುಡಿಸಿ ನಿಮ್ಮ ಮುಂದೆ ಕೂರಿಸಿದರೆ ನೀವೇನು ಪತ್ತೆ ಮಾಡುತ್ತೀರಿ ಡಾಕ್ಟರಮ್ಮಾ? ಹಾಗೆ.

ನಾನು ಕೈಚೀಲದಿಂದ ಅಯಸ್ಕಾಂತ ತೆಗೆದೆ. ಬೇರೇನಲ್ಲ, ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದ್ದ ಮೈಸೂರು ಅರಮನೆ, ದಸರೆಗೆ ಹೋದಾಗ ಮನೆಯಾಕೆ ಚೌಕಾಸಿ ಮಾಡಿ ತಂದದ್ದು. ಬಣ್ಣ ಗೀಚದಿರಲಿ ಅಂತ ಹಿಂದೆ ತೆಳ್ಳನೆ ಬಟ್ಟೆ ಅಂಟಿಸಿದ್ದೆ. ಬಲಗಡೆ ಬಾಗಿಲಿಗೆ ಇಟ್ಟೆ, ಅರಮನೆ ನಿಂತಿತು. ಬಾನೆಟ್ಟಿನ ಮೇಲೆ ನಿಂತಿತು. ಎಡಗಡೆ ಹಿಂದಿನ ಬಾಗಿಲಿಗೆ ಇಟ್ಟೆ, ಅರಮನೆ ಜಾರಿ ನೆಲಕ್ಕೆ ಬಿತ್ತು. ಒರೆಸಿ ಮತ್ತೆ ಇಟ್ಟೆ. ಮತ್ತೆ ಬಿತ್ತು. ಹಿಂದಿನ ಚಕ್ರದ ಮೇಲ್ಭಾಗಕ್ಕೆ ಇಟ್ಟರೆ ಅಲ್ಲಿಯೂ ನಿಲ್ಲಲಿಲ್ಲ. ಮೇಸ್ತ್ರಿ ಗೆಣ್ಣಿನಿಂದ ಕುಟ್ಟಿದರು. ಬಲಗಡೆ ಟಣ್ ಅಂತು, ಎಡಗಡೆ ದಪ್ ಅಂತು, ಹಲಸಿನಹಣ್ಣು ತಟ್ಟಿದ ಹಾಗೆ. "ಇಲ್ಲಿರೋ ಪುಟ್ಟಿ ಕೆರೆದು ತೆಗೆದ್ರೆ ಒಂದು ಗಣಪತಿ ಮಾಡಬಹುದು" ಅಂದರು.

ಆಮೇಲೆ ಬಾಗಿಲು ತೆರೆದು ಅಂಚಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದರು. ಕಂಪನಿಯಲ್ಲಿ ಹಾಕಿದ ವೆಲ್ಡಿಂಗ್ ಚುಕ್ಕಿಗಳು ರಂಗೋಲಿ ಎಳೆಯ ಹಾಗೆ ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ ಇರುತ್ತವಂತೆ. ಬಲಗಡೆ ಹಾಗೇ ಇದ್ದವು. ಎಡಗಡೆ ನಡುವಿನ ಪಿಲ್ಲರಿನಲ್ಲಿ ಇದ್ದದ್ದು ಸಂಡಿಗೆ ಒಣಹಾಕಿದ ಹಾಗೆ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ. ಐದು ಗಾಜು 2018ರವು, ಎಡಗಡೆ ಹಿಂದಿನದು ಮಾತ್ರ 2022ರದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ಎಂದೂ ನೋಡಿದರು. ಅದೇ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಕಾರುಗಳೆಲ್ಲ ತೇಲಿದ್ದವಲ್ಲ. ಕಲೆ ಇರಲಿಲ್ಲ. ಅಂದರೆ ನಿಮ್ಮ ಕಾರು ಮುಳುಗಿಲ್ಲ, ಬರೀ ಗುದ್ದಿಸಿಕೊಂಡಿದೆ. ಅಷ್ಟರಮಟ್ಟಿಗೆ ಸಂತೋಷ.

"ಪಾರ್ಕಿಂಗ್‌ನಲ್ಲಿ ಏನೋ ಸಣ್ಣ ಟಚ್ ಆಗಿರ್ಬೇಕು ಸಾರ್" ಅಂದ ಶೆಡ್ಡಿನ ಹುಡುಗ. ಬಾಗಿಲು, ಗಾಜು, ಪಿಲ್ಲರ್, ಚಕ್ರದ ಮೇಲಿನ ತಗಡು. ಸಣ್ಣ ಟಚ್. ನಿಮ್ಮ ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಟಿಪ್ಪರ್ ನಿಲ್ಲಿಸುತ್ತಾರೇನಮ್ಮಾ?

ಇನ್ಶೂರೆನ್ಸ್ ಪೇಪರ್ ತೋರಿಸಪ್ಪಾ ಅಂದೆ. ಮೊಬೈಲಿನಲ್ಲಿ ತೋರಿಸಿದ. 2024ರಲ್ಲಿ ಮಾಡಿಸಿದ ಪಾಲಿಸಿ, ನೋ ಕ್ಲೇಮ್ ಬೋನಸ್ 20 ಪರ್ಸೆಂಟ್. ನಾನು ಗಣಿತದ ಮೇಷ್ಟ್ರು. ಕ್ಲೇಮ್ ಮಾಡದ ಒಂದು ವರ್ಷಕ್ಕೆ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. 2018ರ ಗಾಡಿಗೆ 2024ರಲ್ಲಿ 50 ಇರಬೇಕು. 20 ಇದೆ ಅಂದರೆ ಅದರ ಹಿಂದಿನ ವರ್ಷ ಸೊನ್ನೆಗೆ ಬಿದ್ದಿದೆ. ಸೊನ್ನೆಗೆ ಬೀಳಬೇಕಾದರೆ ಕ್ಲೇಮ್ ಆಗಿರಬೇಕು, ಇಲ್ಲವೇ ಪಾಲಿಸಿ ಮುಗಿದ ಮೇಲೆ 90 ದಿನ ಸುಮ್ಮನಿರಬೇಕು, ಇಲ್ಲವೇ ಓನರ್ ಬದಲಾಗಿರಬೇಕು, ಏಕೆಂದರೆ ಆ ಬೋನಸ್ ಇರುವುದು ಮನುಷ್ಯನಿಗೆ, ಗಾಡಿಗಲ್ಲ. ಸಿಂಗಲ್ ಓನರ್ ಅಂದಿದ್ದೀಯಲ್ಲ, ಹಾಗಾದರೆ ಯಾವುದಪ್ಪಾ ಅಂದೆ.

"ಡಾಕ್ಟರಮ್ಮ ಬಿಜಿ ಸಾರ್. ರಿನ್ಯೂ ಮಾಡ್ಸೋದು ಮರ್ತಿದ್ರು."

ನೋಡಿ, ಅಪಘಾತ ಮಾಡಿಲ್ಲ ಅಂತ ತೋರಿಸಲು ನಿಮ್ಮನ್ನು ಮರೆಗುಳಿ ಮಾಡಿಬಿಟ್ಟರು. ಇಂಥ ಡಾಕ್ಟರ ಹತ್ತಿರ ಇಂಜೆಕ್ಷನ್ ಯಾರು ಚುಚ್ಚಿಸಿಕೊಳ್ಳುತ್ತಾರೆ?

ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ನೋಂದಣಿ ದಿನಾಂಕ ಬಂತು, ಇನ್ಶೂರೆನ್ಸ್ ಯಾವತ್ತಿನವರೆಗೆ ಅಂತ ಬಂತು. ನಿಮ್ಮ ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ, ಮಿಕ್ಕದ್ದೆಲ್ಲ ನಕ್ಷತ್ರ. ಹೊಗೆ ಬಿಡುತ್ತದೋ ಇಲ್ಲವೋ ಎಂಬ ಲೆಕ್ಕವಿದೆ, ಗುದ್ದಿತ್ತೋ ಇಲ್ಲವೋ ಎಂಬ ಲೆಕ್ಕವಿಲ್ಲ. ಲೆಕ್ಕ ಸರಕಾರದ ಹತ್ತಿರ ಇಲ್ಲ ಅಂದುಕೊಳ್ಳಬೇಡಿ. ಅಪಘಾತವಾದರೆ ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ ತುಂಬಲಿ ಅಂತ ಐರಾಡ್ ಎಂಬ ವ್ಯವಸ್ಥೆ ಮಾಡಿದ್ದಾರೆ, ಐಐಟಿ ಮದ್ರಾಸ್‌ನವರೂ ಎನ್‌ಐಸಿಯವರೂ ಸೇರಿ. ಮೊದಲು ಪ್ರಯೋಗಕ್ಕೆ ಇಳಿದ 6 ರಾಜ್ಯಗಳಲ್ಲಿ ನಮ್ಮದೂ ಒಂದು. ಪೊಲೀಸರಿಗೆ ಗೊತ್ತಿರುತ್ತದೆ, ಇನ್ಶೂರೆನ್ಸಿನವರಿಗೆ ಗೊತ್ತಿರುತ್ತದೆ, ಟಿಂಕರಿಂಗ್ ಮಾಡಿದವನಿಗೆ ಗೊತ್ತಿರುತ್ತದೆ. ದುಡ್ಡು ಕೊಡುವವನೊಬ್ಬನಿಗೆ ಗೊತ್ತಾಗಬಾರದು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಗಾಡಿಯ 17 ಅಕ್ಷರದ ನಂಬರ್ ಹೊಡೆದು ಕಾರ್‌ಫ್ಯಾಕ್ಸ್ ಅಂತ ಅದರ ಜಾತಕವನ್ನೇ ತರಿಸುತ್ತಾನೆ. ಇಲ್ಲಿ ನನಗೆ ಮೈಸೂರು ಅರಮನೆಯೇ ಗತಿ.

ಆ ಕಾರಿನ ಕಂಪನಿ ಸರ್ವೀಸ್ ಸೆಂಟರ್ ಎರಡು ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿಗೂ ಹೋದೆ. ಬಾಡಿ ರಿಪೇರಿ ಆಗಿದ್ದರೆ ಬಿಲ್ಲು ಇರುತ್ತದಲ್ಲ. ಕೌಂಟರಿನ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು: "ಓನರ್ ಮೊಬೈಲ್‌ಗೆ ಒಟಿಪಿ ಹೋಗುತ್ತೆ ಸಾರ್, ಅವ್ರು ಹೇಳಿದ್ರೆ ಮಾತ್ರ ಕೊಡ್ತೀವಿ." ಸರಿಯಾದ ಮಾತೇ. ಶೆಡ್ಡಿಗೆ ಫೋನ್ ಮಾಡಿ ಡಾಕ್ಟರಮ್ಮನ ಒಟಿಪಿ ಕೇಳಿ ಕೊಡಪ್ಪಾ ಅಂದೆ.

"ಟೋಕನ್ ಹಾಕ್ಬಿಡಿ ಸಾರ್. ಹತ್ತು ಸಾವಿರ ಅಷ್ಟೇ. ಆಮೇಲೆ ಡಾಕ್ಟರಮ್ಮನ ನಂಬರ್ ಕೊಡ್ತೀವಿ, ಹಿಸ್ಟರಿನೂ ತೆಗೆಸಿ ಕೊಡ್ತೀವಿ. ಇನ್ನೊಂದು ಪಾರ್ಟಿ ದಾರೀಲಿದಾರೆ."

ಹಿಸ್ಟರಿ ನೋಡದೆ ಟೋಕನ್ ಹಾಕುವ ಹಾಗಿಲ್ಲ, ಟೋಕನ್ ಹಾಕದೆ ಹಿಸ್ಟರಿ ತೋರಿಸುವ ಹಾಗಿಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅವಳಿಗೆ ಕಾರು ಕೊಳ್ಳುವ ಯೋಗ ಇರಲಿಲ್ಲ, ಪುಣ್ಯವಂತೆ.

ಆ ಟೋಕನ್ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಮಾರ್ಚ್ ತಿಂಗಳಲ್ಲಿ ಇನ್ನೊಂದು ಊರಿನ ಇನ್ನೊಂದು ಶೆಡ್ಡಿನಲ್ಲಿ 5,000 ಹಾಕಿದ್ದೆ. ಅದೂ ನಿಮ್ಮ ಕಾರೇ. "ಬೇಡ ಅಂದ್ರೆ ವಾಪಸ್ ಸಾರ್, ನಮ್ಮಲ್ಲಿ ಹಂಗೆಲ್ಲ ಇಲ್ಲ" ಅಂದಿದ್ದ. ದುಡ್ಡು ಫೋನಿನಲ್ಲಿ ಟಿಂಗ್ ಅಂತ ಹೋದಮೇಲೆ ಸರ್ವೀಸ್ ದಾಖಲೆ ಕೊಟ್ಟ. ಅದರಲ್ಲಿ ಮುಂದಿನ ಎರಡು ಏರ್‌ಬ್ಯಾಗ್ ಬದಲಾಯಿಸಿದ ಬಿಲ್ಲು ಇತ್ತು. ಎರಡು ಏರ್‌ಬ್ಯಾಗ್! ಗಾಡಿ ಬೇಡಪ್ಪಾ ಅಂದರೆ ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರ ತೋರಿಸಿದ: ಮುಂಗಡ ಹಣ ಹಿಂದಿರುಗಿಸಲಾಗುವುದಿಲ್ಲ. ಒಂಬತ್ತು ಸಲ ಫೋನ್ ಮಾಡಿದೆ. ಮೊದಲು ನಾಳೆ ಅಂದ. ಆಮೇಲೆ ಓನರ್ ಊರಲ್ಲಿಲ್ಲ ಅಂದ. ಆಮೇಲೆ "ಅದೇ ದುಡ್ಡಿಗೆ ಬೇರೆ ಗಾಡಿ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ಈಗ ಫೋನೇ ಎತ್ತುವುದಿಲ್ಲ.

ಇದು ನಿಮಗಲ್ಲ ಅಮ್ಮಾ, ಅವನಿಗೆ. ಲೋ, ನನ್ನ 5,000 ನಿನಗೆ ದಕ್ಕಲ್ಲ. ನಾಲ್ಕು ಮಂದಿಗೆ ತಿಂಗಳಿಡೀ ಹಾಲು ಬರುತ್ತಿತ್ತು ಆ ದುಡ್ಡಿಗೆ. ಏರ್‌ಬ್ಯಾಗ್ ಬಿಚ್ಚಿಕೊಂಡ ಗಾಡಿ ಅಂತ ನಿನಗೆ ಗೊತ್ತಿತ್ತು. ಬಿಲ್ಲು ನಿನ್ನ ಡ್ರಾಯರಿನಲ್ಲೇ ಇತ್ತು, ಕಂಪನಿಯಿಂದ ತರಿಸಲೂ ಇಲ್ಲ, ಕೈ ಹಾಕಿ ತೆಗೆದುಕೊಟ್ಟೆ. ದುಡ್ಡು ಬರುವ ಮುಂಚೆ ಆ ಡ್ರಾಯರಿಗೆ ಬೀಗ, ಬಂದ ಮೇಲೆ ಬಾಗಿಲು. ಇದಕ್ಕೆ ವ್ಯಾಪಾರ ಅನ್ನುತ್ತಾರಾ?

ಇರಲಿ. ಬಿಪಿ ಏರುತ್ತದೆ. ನೀವು ಡಾಕ್ಟರು, ನಿಮಗೆ ಗೊತ್ತು.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರುಗಳಿಗೆ ಕೇಂದ್ರ ಸರಕಾರ ನಿಯಮ ಮಾಡಿದೆ. ಆರ್‌ಟಿಒದಿಂದ ಅಧಿಕಾರ ಪತ್ರ ತೆಗೆದುಕೊಳ್ಳಬೇಕು, ಗಾಡಿ ಅವರ ಕೈಗೆ ಬಂತು ಅಂತ ಪೋರ್ಟಲಿನಲ್ಲಿ ತಿಳಿಸಬೇಕು, ಟೆಸ್ಟ್ ಡ್ರೈವಿಗೆ ಹೋದರೆ ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಅಂತ ಕಂಪ್ಯೂಟರಿನಲ್ಲಿ ಬರೆಯಬೇಕು. ಅಂದರೆ ನಿನ್ನೆ ನಾನು ನಿಮ್ಮ ಕಾರು ಓಡಿಸಿ ನೋಡಿದ ಎರಡು ಕಿಲೋಮೀಟರಿಗೂ ಲೆಕ್ಕ ಇರಬೇಕು. ನೀವು ಟಿಪ್ಪರಿಗೆ ಗುದ್ದಿಸಿದ್ದಕ್ಕೆ ಬೇಡ. ನಿನ್ನೆಯ ಶೆಡ್ಡಿಗೆ ವಾಪಸ್ ಬಂದು ಆ ಅಧಿಕಾರ ಪತ್ರ ಎಲ್ಲಪ್ಪಾ ಎಂದು ಕೇಳಿದೆ. ಹುಡುಗ ಗೋಡೆಯ ಮೇಲಿದ್ದ ಮಂಜುನಾಥಸ್ವಾಮಿ ಫೋಟೋ ನೋಡಿದ.

ಟೋಕನ್ ಹಾಕಲಿಲ್ಲ. ಸಂಜೆ ನಾಲ್ಕೂವರೆಗೆ ಎದ್ದು ಬಂದೆವು. ಬಸ್ಸು ಕುಣಿಗಲ್ ದಾಟುವಾಗ ಮತ್ತೆ ಆ ಹುಡುಗನ ಫೋನು: "ಸಾರ್, ಇನ್ನೊಂದು ಗಾಡಿ ಬಂದಿದೆ. ಒಂದು ಸ್ಕ್ರಾಚ್ ಇಲ್ಲ."

"ಯಾರದಪ್ಪಾ?"

"ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರದು ಸಾರ್. ಮನೆ ಬಿಟ್ರೆ ಸ್ಕೂಲು."

ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕದ್ದು ಕೇಳಿ ಕಂಡಕ್ಟರ್ ಹಿಂದಿರುಗಿ ನೋಡಿದ.

ಈಗ ಪತ್ರದ ನಿಜವಾದ ವಿಷಯ. ಗಡಿಬಿಡಿಯಲ್ಲಿ ಮೈಸೂರು ಅರಮನೆ ನಿಮ್ಮ ಕಾರಿನ ಬಾನೆಟ್ ಮೇಲೇ ಉಳಿದುಹೋಗಿದೆ. ಫ್ರಿಜ್ಜಿನ ಬಾಗಿಲ ಮೇಲೆ ಖಾಲಿ ಜಾಗ ನೋಡಿದಾಗಿನಿಂದ ಮನೆಯಾಕೆ ನನ್ನ ಜೊತೆ ಮಾತಾಡಿಲ್ಲ. ಇವತ್ತು ಬೆಳಗ್ಗೆ ಶೆಡ್ಡಿಗೆ ಫೋನ್ ಮಾಡಿ ಕೊರಿಯರಿನಲ್ಲಿ ಕಳಿಸಿಕೊಡಪ್ಪಾ ಅಂದೆ. ನೋಡಿ ಹೇಳ್ತೀನಿ ಅಂದ. ಅದಕ್ಕೂ ಮೊದಲು ಟೋಕನ್ ಹಾಕಬೇಕಾ ಅಂತ ನೀವಾದರೂ ಒಂದು ಮಾತು ಕೇಳಿ ತಿಳಿಸಿ.

ಇಂತಿ,
ಹಾಸನದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು
(ಇನ್ನೂ ಬಸ್ಸಿನಲ್ಲೇ ಓಡಾಟ)