ಬಿದ್ದ ಮುಳ್ಳಿನ ಮೀಮಾಂಸೆ

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮೆಟ್ಟಿಲು ಹತ್ತದೆ ಮೀಮಾಂಸಕರು ಯಾವ ತೀರ್ಮಾನವನ್ನೂ ಮುಟ್ಟುವುದಿಲ್ಲ. ಜಮಖಂಡಿ ತಾಲ್ಲೂಕಿನ ಹುನ್ನೂರ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಮೆಟ್ಟಿಲು ಹತ್ತಲು ಯಾರಿಗೂ ಪುರಸೊತ್ತಿಲ್ಲ. ಹೀಗಾಗಿ ಆಯಿಲ್ ಪ್ರೆಶರ್ ಶಾಸ್ತ್ರಕ್ಕೆ ಈತನಕ ಭಾಷ್ಯ ಹುಟ್ಟಿಲ್ಲ. ಆ ಕೊರತೆ ನೀಗಲೆಂದು ಈ ಗ್ರಂಥ.

ವಿಷಯವಿಷ್ಟು. ಹಳೆ ಟ್ರ್ಯಾಕ್ಟರಿನ ಇಂಜಿನ್ ಕೈಕೊಟ್ಟಿದೆ. ಗುಜರಿಯಿಂದ ಬೇರೆ ಮಾಡೆಲ್ಲಿನದೊಂದು ಬಂದು ಕೂತಿದೆ. ಹಿಂದೆ ಎರಡು ಟ್ರೇಲರ್ ಕಬ್ಬು. ಮುಂದೆ ಮೀಟರಿನ ಮುಳ್ಳು, ಸೊನ್ನೆಗೆ ಒರಗಿಕೊಂಡು. (ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕೆಂಬ ಸ್ಮೃತಿವಾಕ್ಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿದೆ. ಅದರ ಭಾಷ್ಯ ಆರ್‌ಟಿಒ ಸಾಹೇಬರ ಅಧೀನ.)

ಸಂಶಯ: ಒತ್ತಡ ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ? ಪಕ್ಕದ ತೇರದಾಳದಲ್ಲಿ 12ನೇ ಶತಮಾನದ ನೇಮಿನಾಥ ಬಸದಿ ಇರುವುದರಿಂದ ಈ ಸೀಮೆಗೆ ಜೈನರ ಸ್ಯಾದ್ವಾದ ಹೊಸದಲ್ಲ. ಬೆಳಗಿನ ತಣ್ಣನೆ ಇಂಜಿನ್ನಿನಲ್ಲಿ ಒತ್ತಡ ‘ಸ್ಯಾತ್ ಅಸ್ತಿ’. ಮಧ್ಯಾಹ್ನ ಕಾದು ಸ್ಲೋನಲ್ಲಿ ನಿಂತಾಗ ‘ಸ್ಯಾತ್ ನಾಸ್ತಿ’. ಮಾಲೀಕರು ಎದುರಿಗೆ ನಿಂತು ಕೇಳಿದರೆ ‘ಅವಕ್ತವ್ಯ’.

ಪೂರ್ವಪಕ್ಷದವರಲ್ಲಿ ಮೂರು ಪಂಥ. ಪಂಪ್ ಪಂಥದವರು ಮೊದಲು ಪಂಪ್ ಬದಲಿಸುತ್ತಾರೆ, ಮುಳ್ಳು ಏಳದಿದ್ದರೆ ಇನ್ನೊಮ್ಮೆ ಬದಲಿಸುತ್ತಾರೆ. ದಪ್ಪೆಣ್ಣೆ ಪಂಥದವರು ಇದ್ದ ಆಯಿಲ್ ಇಳಿಸಿ ಇನ್ನೂ ಗಟ್ಟಿಯದನ್ನು ಸುರಿಯುತ್ತಾರೆ. ಮುಳ್ಳು ಒಂದು ವಾರ ಭಕ್ತಿಯಿಂದ ಏಳುತ್ತದೆ. ಮೂರನೆಯ ಪಂಥದ ಸಮಗ್ರ ಸಾಹಿತ್ಯ ಹೀಗಿದೆ:

“ಮಾಮಾ, ಮುಳ್ಳ ಏಳವಲ್ದು.”

“ವೈರ್ ಕಿತ್ತ ಒಗಿ ತಮ್ಮಾ. ನೋಡಿದ್ರಲ್ಲ ಚಿಂತಿ?”

ಇನ್ನು ಸಿದ್ಧಾಂತ. ಪಂಪ್ ಒತ್ತಡ ಹುಟ್ಟಿಸುವುದಿಲ್ಲ, ಎಣ್ಣೆಯನ್ನು ದೂಡುತ್ತದೆ ಅಷ್ಟೆ. ಆ ಎಣ್ಣೆ ಬೇರಿಂಗಿನ ಇಕ್ಕಟ್ಟಿನಲ್ಲಿ ಹಾಯುವಾಗ ಎದುರಾಗುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಸವೆದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟಾಗುತ್ತದೆ. ಇಂಥ ಇಂಜಿನ್ನಿಗೆ ಹೊಸ ಪಂಪ್ ಹಾಕುವುದು ಪಂಪ್ ಮಾರುವವರಿಗೆ ಸಲ್ಲಿಸುವ ಕಾಣಿಕೆ.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಹಿರಿದೆಂಬುದಕ್ಕೆ ಇಂಗ್ಲೆಂಡಿನ ಇಂಜಿನಿಯರ್ ಬೀಚಂ ಟವರ್ ಸಾಕ್ಷಿ. 1883ರ ಸುಮಾರಿಗೆ ಆತ ಬೇರಿಂಗಿನ ನೆತ್ತಿಗೆ ಎಣ್ಣೆ ಬಿಡಲೆಂದು ತೂತು ಕೊರೆದರೆ, ಎಣ್ಣೆ ಒಳಗಿಳಿಯುವ ಬದಲು ಮೇಲೇರಿ ಬಂತು. ಮರದ ಗೂಟ ಬಡಿದ, ಗೂಟವೂ ಹೊರಬಂತು. ಇಲ್ಲಿಯವರೆಗೆ ಆತ ಹುನ್ನೂರ ಗ್ಯಾರೇಜಿನವನೇ. ಆಮೇಲೆ ತೂತಿಗೆ ಮೀಟರ್ ಹಚ್ಚಿದ, ಮುಳ್ಳು 200 ಪೌಂಡಿನ ಗುರುತು ದಾಟಿತು. ನಮಗೂ ಆತನಿಗೂ ದಾರಿ ಬೇರೆಯಾದದ್ದು ಅಲ್ಲಿ.

ಆದ್ದರಿಂದ ಸೆನ್ಸರ್ ಬಿಚ್ಚಿ ಆ ತೂತಿಗೇ ಕೈಮೀಟರ್ ತಿರುಗಿಸಬೇಕು. ಫ್ರಾನ್ಸಿನ ಬೂರ್ದೋಂ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ನಳಿಗೆಯ ಮೀಟರ್ ಅದು. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಕಾದ ಇಂಜಿನ್ನಿನಲ್ಲಿ ಪ್ರತಿ 1000 ಸುತ್ತಿಗೆ 10 ಪೌಂಡ್, ಅಂದರೆ ಸುಮಾರು 0.7 ಕೆಜಿ, ಎಂಬುದು ಮಿಸ್ತ್ರಿಗಳ ಹಳೆಯ ಲೆಕ್ಕ. ಕೊನೆಯ ಮಾತು ಆಯಾ ಇಂಜಿನ್ ಕಂಪನಿಯ ಪುಸ್ತಕದ್ದು.

ಕೈಮೀಟರ್ ಸರಿಯಾಗಿ ತೋರಿದರೆ ಇದು ಹಗ್ಗವನ್ನು ಹಾವೆಂದು ಕಂಡ ರಜ್ಜುಸರ್ಪ ಪ್ರಕರಣ. ಇಂಜಿನ್ ಒಂದು ಕುಲದ್ದು, ಡ್ಯಾಶ್‌ಬೋರ್ಡಿನ ಮೀಟರ್ ಇನ್ನೊಂದರದು. ಒಂದು ಜಾತಿಯ ಸೆನ್ಸರ್ ಸೊನ್ನೆ ಒತ್ತಡಕ್ಕೆ 10 ಓಮ್, ಪೂರ್ಣಕ್ಕೆ 180 ಓಮ್ ಕೊಡುತ್ತದೆ. ಇನ್ನೊಂದು ಜಾತಿ ಸೊನ್ನೆಗೆ 240, ಪೂರ್ಣಕ್ಕೆ 33. ಒಂದರ ಸೆನ್ಸರಿಗೆ ಇನ್ನೊಂದರ ಮೀಟರ್ ಗಂಟು ಹಾಕಿದರೆ ನಿಂತ ಇಂಜಿನ್ನಿನಲ್ಲಿ ಭರ್ತಿ ಒತ್ತಡ, ಓಡುವ ಇಂಜಿನ್ನಿನಲ್ಲಿ ಬರಗಾಲ. ಸೋರದಿರಲೆಂದು ಸೆನ್ಸರಿನ ಮರೆಗೆ ದಂಡಿಯಾಗಿ ಸುತ್ತಿದ ಟೆಫ್ಲಾನ್ ಟೇಪೂ ಅರ್ಥ್ ಕೆಡಿಸಿ, ಎರಡನೆಯ ಜಾತಿಯಲ್ಲಿ ಮುಳ್ಳನ್ನು ಕೆಳಗೆಳೆಯುತ್ತದೆ. ಮೊದಲನೆಯದರಲ್ಲಿ ಸುಳ್ಳೇ ಮೇಲೇರಿಸುತ್ತದೆ. ಅದು ಇನ್ನೂ ಅಪಾಯ.

ಕೈಮೀಟರೂ ಮಲಗಿದರೆ ಹಾವು ನಿಜ. ಆಗ ಮೊದಲು ಕಡ್ಡಿ ಎಳೆದು ಮೂಸಬೇಕು: ಎಣ್ಣೆ ಹೆಚ್ಚಾಗಿ ಡೀಸೆಲ್ ನಾತ ಬಂದರೆ ಎಣ್ಣೆ ತೆಳುವಾಗಿದೆ. ಬಳಿಕ ಎಣ್ಣೆಯ ಚೇಂಬರ್ ಇಳಿಸಬೇಕು. ಹಲವು ಟ್ರ್ಯಾಕ್ಟರುಗಳಲ್ಲಿ ಇಂಜಿನ್ನೇ ಚಾಸಿಯ ಭಾರ ಹೊರುವುದರಿಂದ, ಇಂಜಿನ್ ಕೂಡಿಸುವಾಗ ಹಳೆ ಗಾಡಿಯ ಚೇಂಬರನ್ನೇ ತೊಡಿಸಿರುವುದುಂಟು. ಹೀರುವ ಪೈಪ್ ಅದಕ್ಕೆ ಹೊಂದದೆ ಮೇಲೆ ನಿಂತರೆ ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತದೆ, ಮುಳ್ಳು ತತ್ತರಿಸುತ್ತದೆ. ಗ್ಯಾಸ್ಕೆಟ್ಟಿಗೆ ಧಾರಾಳವಾಗಿ ಬಳಿದ ಅಂಟು ಒಳಗೆ ಉದುರಿ ಜಾಳಿಗೆ ಮೆತ್ತಿರಬಹುದು. ಮುಧೋಳದ ರನ್ನನ ದುರ್ಯೋಧನ ಕೊಳದಲ್ಲಿ ಅಡಗಿದಂತೆ ರಿಲೀಫ್ ವಾಲ್ವ್ ಎಣ್ಣೆಯೊಳಗೆ ಕಸ ಕಚ್ಚಿ ಬಾಯ್ತೆರೆದು ಕೂತಿರಬಹುದು. ಇವೆಲ್ಲ ಚೊಕ್ಕಟವಿದ್ದರೆ ಬೇರಿಂಗ್ ಬಿಚ್ಚಿ ಅಳೆಯುವುದೊಂದೇ ದಾರಿ. ಅದು ಹೆಚ್ಚು ಖರ್ಚಿನದು. ಎಲ್ಲ ಪಂಥದವರೂ ಅಲ್ಲಿಗೆ ಮಾತ್ರ ಒಟ್ಟಾಗಿ ಬರುತ್ತಾರೆ.

ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ಗಾಡಿ ಚಾಲೂ ಇಟ್ಟುಕೊಂಡು ಇದನ್ನು ಓದುತ್ತಿರುವವರು, ಮುಳ್ಳು ಸೊನ್ನೆಯಲ್ಲಿದ್ದರೆ, ದಯಮಾಡಿ ಮೊದಲು ಇಂಜಿನ್ ಬಂದ್ ಮಾಡಿ. ಗ್ರಂಥವನ್ನು ಆಮೇಲೆ ಪೂರ್ವಪಕ್ಷದಿಂದ ಓದಿಕೊಳ್ಳಬಹುದು.