ಹಾಲುಹಲ್ಲಿನ ಹೋರಿಗೆ ಹದಿನಾಲ್ಕು ಕೋಟಿ

ಆಡಿ ತೋರಿಸದ ಆಟಗಾರನ ಮೇಲೆ ತಂಡವೊಂದು ಕೋಟಿಗಟ್ಟಲೆ ಹಣ ಹೂಡಬೇಕೇ, ಬೇಡವೇ? 2025ರ ಡಿಸೆಂಬರ್‌ನ ಐಪಿಎಲ್ ಹರಾಜಿನಲ್ಲಿ ಚೆನ್ನೈ ಸೂಪರ್ ಕಿಂಗ್ಸ್‌ನವರು ಪ್ರಶಾಂತ್ ವೀರ್, ಕಾರ್ತಿಕ್ ಶರ್ಮಾ ಎಂಬಿಬ್ಬರು ಹುಡುಗರಿಗೆ ತಲಾ 14.20 ಕೋಟಿ ರೂಪಾಯಿ ಕೊಟ್ಟಂದಿನಿಂದ ದೇಶದ ಪರಿಣತರೆಲ್ಲ ಈ ಪ್ರಶ್ನೆಯನ್ನು ಹಿಡಿದು ಜಗ್ಗಾಡುತ್ತಿದ್ದಾರೆ. ಇಬ್ಬರೂ ಅಲ್ಲಿಯವರೆಗೆ ಭಾರತ ತಂಡಕ್ಕೂ ಆಡಿರಲಿಲ್ಲ, ಐಪಿಎಲ್‌ನಲ್ಲೂ ಆಡಿರಲಿಲ್ಲ. ಮೂಲ ಬೆಲೆ 30 ಲಕ್ಷ. ಇಷ್ಟೆಲ್ಲ ಚರ್ಚೆಯಾದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಎತ್ತಿನ ದಲ್ಲಾಳಿಗಳನ್ನು ಒಬ್ಬರೂ ಮಾತಾಡಿಸಿಲ್ಲ. ಆ ಲೋಪವನ್ನು ಸರಿಪಡಿಸುವುದೇ ಈ ವರದಿಯ ಉದ್ದೇಶ.

ವಿಧಾನ

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ದನದ ಪೇಟೆಯಲ್ಲಿ ಖಿಲಾರಿ ಹೋರಿ ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಎಂಬುದರ ಮೇಲೆ ವಯಸ್ಸು ತಿಳಿಯುತ್ತದೆ. ಆಮೇಲೆ ಗೊರಸು, ಸುಳಿ, ಬಾಲ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಇಷ್ಟಾದ ಮೇಲೂ ಸಮಾಧಾನವಾಗದೆ, ಹೋರಿಯ ಬಗ್ಗೆ ಏನೂ ಗೊತ್ತಿಲ್ಲದ ಸೋದರಮಾವನನ್ನು ಕರೆದು ಮತ್ತೊಮ್ಮೆ ಹಲ್ಲು ನೋಡಿಸುತ್ತಾನೆ. ಬೆಲೆಯ ಮಾತು ಬಂದಾಗ ಟಾವೆಲ್ಲಿನ ಅಡಿಯಲ್ಲಿ ಕೈ ಕೈ ಹಿಡಿದು ಬೆರಳಲ್ಲೇ ಲೆಕ್ಕ. ಪಕ್ಕದಲ್ಲಿ ನಿಂತವನಿಗೆ ಎಷ್ಟಕ್ಕೆ ಕೇಳಿದರೆಂಬುದು ಗೊತ್ತಾಗುವುದಿಲ್ಲ. ಒಗ್ಗದಿದ್ದರೆ ದುಡ್ಡನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡು, ಬೆಂಡು ಬತ್ತಾಸು ಕೊಂಡು ಊರಿಗೆ ಬರಬಹುದು.

ಐಪಿಎಲ್ ಹರಾಜು ಈ ಪದ್ಧತಿಯ ಸುಧಾರಿತ ರೂಪ. ಇಲ್ಲಿ ಟಾವೆಲ್ ಇಲ್ಲ. ಎಲ್ಲರೂ ಎಲ್ಲರಿಗೂ ಕಾಣುವಂತೆ ಫಲಕ ಎತ್ತುತ್ತಾರೆ. ಹೀಗಾಗಿ ಹುಡುಗನನ್ನು ನೋಡುವ ಅಗತ್ಯ ಬೀಳುವುದಿಲ್ಲ, ಪಕ್ಕದ ಮೇಜನ್ನು ನೋಡಿದರೆ ಸಾಕು. ಅವರು ಎತ್ತಿದರೆ ಅವರಿಗೇನೋ ಗೊತ್ತಿದೆ ಎಂದು ಇವರು ಎತ್ತುತ್ತಾರೆ. ಇವರು ಎತ್ತಿದ್ದನ್ನು ಕಂಡು, ತಮಗೇ ಗೊತ್ತಿಲ್ಲದ್ದು ಇವರಿಗೆ ಗೊತ್ತಿದೆ ಎಂದು ಅವರು ಮತ್ತೆ ಎತ್ತುತ್ತಾರೆ. ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಹೋಗುವ ಹಾಗೂ ಇಲ್ಲ. ಒಟ್ಟು ಮೊತ್ತದಲ್ಲಿ ಶೇಕಡಾ 75ರಷ್ಟನ್ನಾದರೂ ಖರ್ಚು ಮಾಡಲೇಬೇಕೆಂಬ ನಿಯಮವಿದೆ. ದನದ ಪೇಟೆಯಲ್ಲಿ ಇಂಥ ನಿಯಮ ತಂದರೆ ರೈತರ ಆದಾಯ ಎಲ್ಲಿಗೆ ಮುಟ್ಟೀತೆಂದು ಸರ್ಕಾರ ಯೋಚಿಸಬೇಕು.

ಎತ್ತಿಗೆ ಹೋಲಿಸಿದರೆಂದು ಆಟಗಾರರು ಬೇಸರಪಡಬೇಕಿಲ್ಲ. ಕಾರಹುಣ್ಣಿಮೆಗೆ ನಾವು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮೆರವಣಿಗೆ ಮಾಡುತ್ತೇವೆ. ತಂಡದಿಂದ ಕೈಬಿಟ್ಟ ಆಟಗಾರನಿಗೆ ಒಂದು ಟ್ವೀಟ್ ಸಿಗುತ್ತದೆ.

ಸಿದ್ಧಾಂತ

ಬಾಯಿಗೂಡಿದ ಎತ್ತಿಗಿಂತ ಹಾಲುಹಲ್ಲಿನ ಹೋರಿಗೆ ಏಕೆ ಹೆಚ್ಚು ಹೇಳುತ್ತೀರೆಂದು ದಲ್ಲಾಳಿಯೊಬ್ಬರನ್ನು ಕೇಳಿದೆ. ಅವರು ತಂಬಾಕು ತಿಕ್ಕುತ್ತ ಹೇಳಿದರು: "ಕಾಕಾ, ಓಡಿದ ಎತ್ತಿನ ಕಾಲು ಊರಿಗೆಲ್ಲ ಗೊತ್ತೈತಿ. ಇದರ ಕಾಲು ಯಾರ ನೋಡ್ಯಾರ?"

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಎರಡು ವರ್ಷ ಕಲಿಸುವುದನ್ನು ಅವರು ಒಂದು ಚಿಟಿಕೆಯಲ್ಲಿ ಮುಗಿಸಿದರು. ಆಡಿದವನ ವಿರುದ್ಧ ದಾಖಲೆ ಇರುತ್ತದೆ. ಆಡದವನ ವಿರುದ್ಧ ಏನೂ ಇರುವುದಿಲ್ಲ. ಆಡದಿರುವುದೇ ಅವನ ಅರ್ಹತೆ.

ನಮ್ಮ ಭಾಗದಲ್ಲಿ ಈ ಸಿದ್ಧಾಂತಕ್ಕೆ ನ್ಯಾಯಾಂಗದ ಬೆಂಬಲವೂ ಸಿಕ್ಕಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಎತ್ತಿನ ಗಾಡಿ ಶರ್ಯತ್ತನ್ನೂ ನಿಷೇಧಿಸಿತು. 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಷೇಧ ಇದ್ದಷ್ಟು ದಿನ ಐದೂ ತಾಲ್ಲೂಕಿನಲ್ಲಿ ಕಾನೂನುಬದ್ಧವಾಗಿ ಸೋತ ಎತ್ತು ಒಂದೂ ಇರಲಿಲ್ಲ. ಎಲ್ಲವೂ ಚಾಂಪಿಯನ್‌ಗಳೇ. ಶರ್ಯತ್ತು ಮತ್ತೆ ಶುರುವಾದ ಮೇಲಷ್ಟೇ ಕೆಲವು ಎತ್ತುಗಳು ಕೊನೆಯಲ್ಲಿ ಬರತೊಡಗಿದವು.

ಪುರಾವೆ

ಮೊದಲನೆಯದು, ಕೊಡಗಿನ ಸ್ಪಿನ್ನರ್ ಕೆ.ಸಿ. ಕಾರ್ಯಪ್ಪ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್‌ಗೆ ಆಡಿದ್ದ, ರಣಜಿ ಪಂದ್ಯ ಆಡಿರದ ಇವರನ್ನು 2015ರಲ್ಲಿ ಕೋಲ್ಕತ್ತ ತಂಡ 2.40 ಕೋಟಿಗೆ ಕೊಂಡಿತು. ಮೂಲ ಬೆಲೆ 10 ಲಕ್ಷ. ಆ ಋತುವಿನಲ್ಲಿ ಆಡಿಸಿದ್ದು ಒಂದೇ ಪಂದ್ಯ. ಮರುವರ್ಷ ಪಂಜಾಬ್ ಅವರನ್ನು 80 ಲಕ್ಷಕ್ಕೆ ಕೊಂಡಿತು. ಅಂದರೆ ಆ ಒಂದು ಪಂದ್ಯಕ್ಕೆ ತಗುಲಿದ ನಷ್ಟ 1.60 ಕೋಟಿ. ಆಡಿಸದಿದ್ದರೆ ಈ ನಷ್ಟವನ್ನು ತಪ್ಪಿಸಬಹುದಿತ್ತು.

ಈ ಪಾಠವನ್ನು ಸರಿಯಾಗಿ ಕಲಿತದ್ದು ಚೆನ್ನೈ. ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರನ್ನು 2021ರಲ್ಲಿ ಅವರು 9.25 ಕೋಟಿಗೆ ಕೊಂಡರು. ಮೂಲ ಬೆಲೆ 20 ಲಕ್ಷ. ಭಾರತ ತಂಡಕ್ಕೆ ಅದುವರೆಗೂ ಆಡಿರದ ಭಾರತೀಯನೊಬ್ಬನಿಗೆ ಅಂದಿಗೆ ಅದೇ ದಾಖಲೆಯ ಮೊತ್ತ. ಕೊಂಡ ಮೇಲೆ ಅವರನ್ನು ಆ ಋತುವಿನ ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಆ ವರ್ಷದ ಕಪ್ ಗೆದ್ದದ್ದು ಚೆನ್ನೈ. ಕಾರ್ಯಕಾರಣ ಸಂಬಂಧ ಇದಕ್ಕಿಂತ ಸ್ಪಷ್ಟವಾಗಿ ಕಾಣಲು ಸಾಧ್ಯವಿಲ್ಲ. ಮರುವರ್ಷ ಅವರ ಬೆಲೆ 90 ಲಕ್ಷಕ್ಕೆ ಇಳಿದದ್ದು ನಿಜ. ನೆಟ್ಸ್‌ನಲ್ಲಿ ಯಾರೋ ನೋಡಿರಬೇಕು.

ನಮ್ಮ ಆರ್‌ಸಿಬಿ ಮಾತ್ರ ಕೊಂಡದ್ದನ್ನು ಆಡಿಸುವ ಹಳೆಯ ಚಟ ಬಿಡಲಿಲ್ಲ. 2017ರಲ್ಲಿ ಐಪಿಎಲ್‌ನಲ್ಲಿ ಒಂದೂ ಎಸೆತ ಹಾಕಿರದ ಟೈಮಲ್ ಮಿಲ್ಸ್‌ಗೆ 12 ಕೋಟಿ ಕೊಟ್ಟು ಐದು ಪಂದ್ಯ ಆಡಿಸಿತು. ಬಂದದ್ದು ಐದು ವಿಕೆಟ್: ವಿಕೆಟ್ಟಿಗೆ 2.40 ಕೋಟಿ, ಅಂದರೆ ಹರಾಜಿನ ದಿನದ ಒಬ್ಬ ಇಡೀ ಕಾರ್ಯಪ್ಪ. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ ಕೊಟ್ಟು ಒಂಬತ್ತು ಪಂದ್ಯ ಆಡಿಸಿತು. ಬಂದದ್ದು ಒಂಬತ್ತು ವಿಕೆಟ್. ಇಬ್ಬರೂ ಸ್ಥಿರತೆ ತೋರಿದರು ಎಂಬುದನ್ನು ಒಪ್ಪಲೇಬೇಕು.

ಅಮೆರಿಕದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅವರ ಫುಟ್‌ಬಾಲಿನಲ್ಲಿ ತಂಡದ ನೊಗವೆಲ್ಲ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಹೆಗಲ ಮೇಲೆ. ಡೆನ್ವರ್ ತಂಡದಲ್ಲಿ ಬ್ರಾಕ್ ಆಸ್‌ವೈಲರ್ ಆರಂಭದಿಂದ ಕಣಕ್ಕಿಳಿದದ್ದು ಏಳು ಪಂದ್ಯಗಳಲ್ಲಿ. ಅದನ್ನು ನೋಡಿ ಹ್ಯೂಸ್ಟನ್ ತಂಡ 2016ರಲ್ಲಿ ಅವನೊಂದಿಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಒಂದೇ ಋತು ಕಳೆಯುವಷ್ಟರಲ್ಲಿ ಅವನನ್ನು ಕ್ಲೀವ್‌ಲ್ಯಾಂಡ್‌ಗೆ ದಾಟಿಸಿತು. ಜೊತೆಗೆ ಮುಂದಿನ ವರ್ಷದ ಎರಡನೇ ಸುತ್ತಿನಲ್ಲಿ ಹೊಸ ಆಟಗಾರನನ್ನು ಆರಿಸುವ ಹಕ್ಕನ್ನೂ ಬಿಟ್ಟುಕೊಟ್ಟಿತು. ಹೋರಿ ಹೊಡಕೊಂಡು ಹೋದರೆ ಸಾಕು, ಮೇಲೊಂದು ಕರುವನ್ನೂ ಕೊಡುತ್ತೇವೆ ಎನ್ನುವ ಇಂಥ ವ್ಯವಹಾರ ಚಿಂಚಲಿಯಲ್ಲಿ ನಡೆದರೆ ಪಂಚರು ಕೂರುತ್ತಾರೆ.

ಅಪವಾದ

ಟೀಕಾಕಾರರು ಇಲ್ಲಿ ವಿರಾಟ್ ಕೊಹ್ಲಿಯ ಹೆಸರು ತೆಗೆಯುತ್ತಾರೆ. 2008ರಲ್ಲಿ 19 ವರ್ಷದೊಳಗಿನ ಆಟಗಾರರನ್ನು ಹಂಚಿದಾಗ ಮೊದಲ ಸರದಿ ಇದ್ದ ದೆಹಲಿ ತನ್ನೂರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಬೆಂಗಳೂರಿಗೆ ಕೊಹ್ಲಿ ಸುಮಾರು 12 ಲಕ್ಷಕ್ಕೆ ಸಿಕ್ಕರು. ಮೊದಲ ವರ್ಷ ಹೊಡೆದದ್ದು 165 ರನ್. ಆದರೂ ತಂಡ ಕೈಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಬಂತು.

ಇದು ನಂಬಿಕೆಯ ಫಲ ಎನ್ನುವವರು ಲೆಕ್ಕ ಓದಿಲ್ಲ. ಇದು 12 ಲಕ್ಷದ ಫಲ. ಅಗ್ಗದ ಹೋರಿ ಒಂದು ವರ್ಷ ಓಡದಿದ್ದರೆ ಮೇವು ಹಾಕಿ ಸುಮ್ಮನಿರಬಹುದು. 15 ಕೋಟಿಯ ಹೋರಿ ಓಡದಿದ್ದರೆ ಮಾಲೀಕನೇ ಓಡಬೇಕಾಗುತ್ತದೆ. ಕಡಿಮೆಗೆ ಕೊಂಡು, ಆಡಿಸಿ, ತಪ್ಪು ಮಾಡಲು ಬಿಟ್ಟು, ಕಾಯುವ ಈ ವಿಧಾನವನ್ನು ನಮ್ಮ ರೈತರು ತಲೆತಲಾಂತರದಿಂದ ಅನುಸರಿಸುತ್ತ ಬಂದಿದ್ದಾರೆ. ಟಿವಿಯಲ್ಲಿ ತೋರಿಸಲು ಅದರಲ್ಲಿ ಏನೂ ಇಲ್ಲದ ಕಾರಣ ಈ ವರದಿ ಅದನ್ನು ಪರಿಗಣಿಸಿಲ್ಲ.

ಶಿಫಾರಸು

ಆಡಿ ತೋರಿಸದ ಆಟಗಾರನೊಂದಿಗೆ ಒಪ್ಪಂದ ಅವಶ್ಯ ಮಾಡಿಕೊಳ್ಳಬೇಕು. ಬೆಲೆ ಎಷ್ಟಾದರೂ ಆಗಲಿ, ಪಕ್ಕದ ಮೇಜಿನವರಿಗಿಂತ ಒಂದು ಕೂಗು ಹೆಚ್ಚಿರಲಿ. ಕೊಂಡ ಮೇಲೆ ಹುಡುಗನನ್ನು ನೆರಳಿನಲ್ಲಿ ಕಟ್ಟಬೇಕು, ದೃಷ್ಟಿ ತೆಗೆಯಬೇಕು, ಮೈದಾನಕ್ಕೆ ಬಿಡಬಾರದು. ಗೆದ್ದರೆ ಅವನ ಕಾಲ್ಗುಣ ಎನ್ನಬೇಕು. ಸೋತರೆ, ಅವನು ಆಡಿದ್ದರೆ ಗೆಲ್ಲುತ್ತಿದ್ದೆವು ಎನ್ನಬೇಕು. ಹೋರಿಯ ಮೇಲೆ ತಪ್ಪು ಹೊರಿಸಬಾರದು. ತನ್ನ ಬೆಲೆಯನ್ನು ಅದು ತಾನೇ ಕೂಗಿಕೊಂಡದ್ದಲ್ಲ.

ಈ ಶಿಫಾರಸುಗಳನ್ನು ಜಾರಿಗೆ ತರಲು ಪ್ರತಿ ತಂಡಕ್ಕೂ ಒಬ್ಬ ಪೂರ್ಣಾವಧಿ ಸಲಹೆಗಾರ ಬೇಕಾಗುತ್ತಾನೆ. ನಾನು ಕ್ರಿಕೆಟ್ ಆಡಿದವನಲ್ಲ, ಎತ್ತು ಕಟ್ಟಿದವನಲ್ಲ, ಯಾವ ತಂಡಕ್ಕೂ ಸಲಹೆ ಕೊಟ್ಟವನಲ್ಲ. ನನ್ನ ಮಾತು ಕೇಳಿ ಸೋತ ತಂಡ ದೇಶದಲ್ಲಿ ಒಂದೂ ಇಲ್ಲ. ನನ್ನ ಮೂಲ ಬೆಲೆ 30 ಲಕ್ಷ. ಒಪ್ಪಂದ ಮೂರು ವರ್ಷದ್ದಿರಲಿ, ಸಂಚಕಾರ ಮೊದಲೇ ಬರಲಿ. ಬೆಲೆ ಇಳಿಯಬಾರದೆಂದಿದ್ದರೆ ಆ ಮೂರು ವರ್ಷ ನನ್ನನ್ನು ಯಾರೂ ಏನೂ ಕೇಳಬಾರದು.